ಬಿತ್ತನೆ ಅರಿಶಿನದ ಮಂಕರಿ

ಮೊಡವೆ ಅಂದರೆ ಜನ ನಗುತ್ತಾರೆ. ಸಕ್ಕರೆ ಕಾಯಿಲೆ ಅಂದರೆ ಅಯ್ಯೋ ಅನ್ನುತ್ತಾರೆ, ಮಂಡಿನೋವು ಅಂದರೆ ತಮಗೂ ಇದೆ ಅನ್ನುತ್ತಾರೆ. ಮೂವತ್ತೆಂಟು ವರ್ಷದ ಹೆಂಗಸಿಗೆ ಮೊಡವೆ ಅಂದರೆ ಮಾತ್ರ ನಗು. ಆ ನಗುವಿಗೆ ಹೆದರಿ ನಾನು ಒಂದು ವರ್ಷ ಡಾಕ್ಟರ ಹತ್ತಿರ ಹೋಗಲಿಲ್ಲ. ಹೋಗಿದ್ದರೆ ಇವತ್ತು ಬರೆಯುವುದಕ್ಕೆ ಏನೂ ಇರುತ್ತಿರಲಿಲ್ಲ. ನನ್ನ ಹಾಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತ ಇನ್ನೊಬ್ಬಳು ಎಲ್ಲಾದರೂ ಇದ್ದರೆ ಇದು ಅವಳಿಗೆ. ಜೊತೆಗೆ ನನ್ನದೊಂದು ತಪ್ಪು ಇದೆ. ಅದನ್ನೂ ಬಿಡದೆ ಹೇಳುತ್ತೇನೆ.

ನಮ್ಮೂರು ಕಾಮಗೆರೆಯಿಂದ ಹನೂರಿಗೆ ಹೋಗುವ ರಸ್ತೆಯಿಂದ ಒಂದು ಮೈಲಿ ಒಳಗೆ. ಎರಡೂವರೆ ಎಕರೆ ಅರಿಶಿನ, ಉಳಿದದ್ದು ಜೋಳ. ಮಗಳು ಮೈಸೂರಿನಲ್ಲಿ ಹಾಸ್ಟೆಲಿನಲ್ಲಿ ಓದುತ್ತಾಳೆ. ಮನೆಯಲ್ಲಿ ನಾನು, ನಮ್ಮ ಯಜಮಾನರು, ನಮ್ಮತ್ತೆ ಪುಟ್ಟಮಾದಮ್ಮ.

ಅತ್ತೆಯ ಬಗ್ಗೆ ಮೊದಲೇ ಒಂದು ಮಾತು ಹೇಳಬೇಕು. ಬೆಳಿಗ್ಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ವಿಭೂತಿ ತಟ್ಟೆ ಹಿಡಿದು ಅವರು ಹೊರಗೆ ಬರುತ್ತಾರೆ. ಮನೆಯಲ್ಲಿ ಯಾರಿದ್ದರೂ ತಲೆ ಬಗ್ಗಿಸಬೇಕು. ಮೂರು ಬೆರಳಲ್ಲಿ ಹಣೆಯ ಮೇಲೆ ಎಳೆದು, "ಮಾದಪ್ಪ ಕಾಯ್ಲಿ" ಅನ್ನುತ್ತಾರೆ. ಬೀದಿಯ ಬಾಣಂತಿಯರೂ ಮಕ್ಕಳನ್ನು ಎತ್ತಿಕೊಂಡು ಅವರ ಬೆರಳಿಗೇ ಬರುತ್ತಾರೆ. ನಾನು ಯಳಂದೂರಿನಿಂದ ಈ ಮನೆಗೆ ಬಂದು ಹತ್ತೊಂಬತ್ತು ವರ್ಷ. ಆ ಮೂರು ಬೆರಳು ಹಣೆಗೆ ಬೀಳದೆ ನಾನು ಒಲೆ ಹಚ್ಚಿದ ದಿನ ಬಹಳ ಕಡಿಮೆ.

ಮೊಡವೆ ಶುರುವಾಗಿದ್ದು ಗದ್ದದ ಮೇಲೆ. ಆಮೇಲೆ ದವಡೆಗೆ, ಕೆನ್ನೆಗೆ, ಹಣೆಗೆ. ಮಕ್ಕಳಿಗೆ ಬರುವ ಸಣ್ಣ ಗುಳ್ಳೆಯಲ್ಲ. ಒಳಗೆ ಕಡಲೆಕಾಳು ಕೂತ ಹಾಗೆ ಗಂಟು. ದಿಂಬಿಗೆ ಕೆನ್ನೆ ಇಟ್ಟರೆ ನೋವು. ಎದುರುಮನೆ ಶಿವಮಣಿ ನಲ್ಲಿಯ ಹತ್ತಿರ ಎಲ್ಲರ ಮುಂದೆ ಅಂದಳು:

"ಏನ್ ಗೌರಕ್ಕ, ಮಗಳ್ಗ ಬರ್ಬೇಕಾದ್ದು ನಿಮಗ ಬಂದದಲ್ಲ! ಅಡ್ರೆಸ್ ತಪ್ಪೋಯ್ತಾ?"

ನಾನೂ ನಕ್ಕೆ. ಕೊಡ ತುಂಬುವ ಮುಂಚೆಯೇ ಎತ್ತಿಕೊಂಡು ಬಂದುಬಿಟ್ಟೆ.

ಆಮೇಲೆ ಅಡುಗೆಮನೆಯೇ ನನ್ನ ಔಷಧಿ ಅಂಗಡಿಯಾಯಿತು. ಫೋನಿನಲ್ಲಿ ಒಬ್ಬ ಹೆಣ್ಣುಮಗಳು ಬಟ್ಟಲು ಚಮಚ ಇಟ್ಟುಕೊಂಡು ತೋರಿಸುತ್ತಿದ್ದಳು. ಇದು ಕ್ರಿಮಿ ಸಾಯಿಸುತ್ತದೆ, ಅದು ಕ್ರಿಮಿ ಸಾಯಿಸುತ್ತದೆ, ಎಲ್ಲಾ ನಿಮ್ಮ ಡಬ್ಬದಲ್ಲೇ ಇದೆ ಎಂದು. ಅವಳ ಮುಖದಲ್ಲಿ ಸೊಳ್ಳೆ ಕಚ್ಚಿದ ಗುರುತೂ ಇರಲಿಲ್ಲ. ಜೇನುತುಪ್ಪಕ್ಕೆ ಚಕ್ಕೆ ಪುಡಿ ಕಲೆಸಿ ಹಚ್ಚಿದೆ. ನಿಂಬೆಹಣ್ಣು ಹಿಂಡಿದೆ. ಬೆಳ್ಳುಳ್ಳಿ ಎಸಳು ಕುಯ್ದು ಗಂಟಿನ ಮೇಲೆ ಉಜ್ಜಿದೆ. ಎರಡು ದಿನ ಚರ್ಮ ಸುಲಿದು ಬಂತು. ಜೇನಿನಲ್ಲಿ ಕೆಲವು ದಿನ ಕೆಂಪು ಇಳಿದ ಹಾಗೆ ಕಂಡದ್ದೂ ಉಂಟು. ಅಷ್ಟು ಸಾಕಾಗಿತ್ತು, ಇನ್ನೊಂದು ತಿಂಗಳು ಕಾಯುವುದಕ್ಕೆ. ಮಾದಪ್ಪನ ಪಟದ ಮುಂದೆ ಮುಖಕ್ಕಾಗಿ ಬೇಡಿಕೊಳ್ಳಲು ನಾಚಿಕೆ. ಮಳೆ, ಬೆಳೆ, ಮಗಳ ಓದು ಎಲ್ಲಾ ಬೇಡಿ ಕೊನೆಗೆ ಮೆಲ್ಲಗೆ ಅದನ್ನೂ ಸೇರಿಸುತ್ತಿದ್ದೆ.

ಅಷ್ಟರಲ್ಲಿ ಯಳಂದೂರಿನಲ್ಲಿ ತಮ್ಮನ ಮದುವೆ ಗೊತ್ತಾಯಿತು. ನಾನೊಬ್ಬಳೇ ಅಕ್ಕ. ಕಳಸ ಹಿಡಿದು ಮದುಮಗನ ಪಕ್ಕದಲ್ಲಿ ನಿಲ್ಲಬೇಕಾದವಳು. ಮದುವೆಗೆ ಹನ್ನೆರಡು ದಿನ ಇರುವಾಗ ನಾನು ಕನ್ನಡಿ ಮುಂದೆ ಅಳುತ್ತಿದ್ದದ್ದನ್ನು ಅತ್ತೆ ನೋಡಿದರು. ಅವರ ಕಣ್ಣಿಗೆ ಪೊರೆ ಬಂದಿದೆ, ಆದರೂ ಅಳು ಕಂಡಿತು.

"ಆ ಫೋನ್‌ನವ್ಳ ಮಾತ ಕೇಳಿ ಸಾರಿನ್ ಸಾಮಾನೆಲ್ಲ ಮಕಕ್ಕ ಬಳ್ಕಂಡಿದ್ಯಲ್ಲ," ಅಂದರು. "ನಮ್ಮನೇಲಿ ಬೆಳಿಯೋ ಅರ್ಸಿನಾನೇ ಮರ್ತಲ್ಲ ನೀನು. ಹಸಿ ಅರ್ಸಿನ ತೇಯ್ದು ನಾನೇ ಹಚ್ತೀನಿ. ಮದ್ವ ಹೊತ್ಗ ಮಕ ತೊಳ್ದ ತಟ್ಟ ಆಯ್ತದ."

ಅದೇ ದಿನ ನಮ್ಮ ಮನೆಯಲ್ಲಿ ಬಿತ್ತನೆಯ ಕೆಲಸ. ಬಿತ್ತುವ ಮುಂಚೆ ಅರಿಶಿನದ ಗೆಡ್ಡೆ ಮಣ್ಣಿನಲ್ಲಿ ಕೊಳೆಯಬಾರದು, ಹುಳ ಬೀಳಬಾರದು ಎಂದು ಔಷಧಿಯ ನೀರಿನಲ್ಲಿ ಅದ್ದುತ್ತಾರೆ. ಹಿತ್ತಲಲ್ಲಿ ಡ್ರಮ್ಮು ಇಟ್ಟು ಯಜಮಾನರು ಅದ್ದಿಕೊಟ್ಟರು, ಇಬ್ಬರು ಆಳುಗಳು ಮತ್ತು ನಾನು ಬೆತ್ತದ ಮಂಕರಿಯಲ್ಲಿ ಹೊತ್ತು ಹುಣಸೆಮರದ ನೆರಳಿನಲ್ಲಿ ಹರಡಿದೆವು. ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಮೋಡ ಕವಿದು ದಪ್ಪ ಹನಿ ಶುರುವಾಯಿತು. ಟಾರ್ಪಾಲು ಎಳೆಯುವವರು ಎಳೆದರು, ಮಂಕರಿ ಹೊತ್ತು ಓಡುವವರು ಓಡಿದೆವು. ಆ ಗಡಿಬಿಡಿಯಲ್ಲಿ ಯಾರು ಏನನ್ನು ಎಲ್ಲಿಟ್ಟರು ಎಂದು ಯಾರಿಗೂ ನೆನಪಿರಲಿಲ್ಲ.

ಮಾರನೆಯ ಬೆಳಿಗ್ಗೆ ಅತ್ತೆ ಅಡುಗೆಮನೆ ಹಿಂದಿನ ಒಳಕಲ್ಲಿನ ಮೂಲೆಗೆ ಹೋದರು. ಮನೆಗೆ, ಪೂಜೆಗೆ ಬೇಕಾದ ಹಸಿ ಅರಿಶಿನ ವರ್ಷವೆಲ್ಲ ಅಲ್ಲಿ ಒಂದು ಮಂಕರಿಯಲ್ಲಿ ಇರುತ್ತದೆ. ಎರಡು ಗೆಡ್ಡೆ ತಂದು ತೊಳೆದು, ಕಲ್ಲಿನ ಮೇಲೆ ತೇಯ್ದು, ಹಾಲಿನ ಕೆನೆ ಕಲೆಸಿ ನನ್ನನ್ನು ಜಗುಲಿಯಲ್ಲಿ ಕೂರಿಸಿ ಹಚ್ಚಿದರು. ವಿಭೂತಿ ಇಡುವ ಅದೇ ಮೂರು ಬೆರಳು. ಕಣ್ಣು ಮುಚ್ಚಿಕೊಂಡು ಕೂತಿದ್ದೆ. ಹಚ್ಚಿದ ಸ್ವಲ್ಪ ಹೊತ್ತಿಗೆ ಉರಿ ಶುರುವಾಯಿತು.

"ಅತ್ತೆ, ಉರೀತದ."

"ಉರೀಲಿ, ತಡ್ಕ. ಉರುದ್ರೇ ಕಣಮ್ಮಿ ಕ್ರಿಮಿ ಸಾಯದು."

ನಾನೂ ಹಾಗೇ ಅಂದುಕೊಂಡೆ. ನಿಂಬೆ ಉರಿದಿತ್ತು, ಬೆಳ್ಳುಳ್ಳಿ ಉರಿದಿತ್ತು. ಉರಿ ಅಂದರೆ ಔಷಧಿ ಕೆಲಸ ಮಾಡುತ್ತಿದೆ ಎಂದು ಒಂದು ವರ್ಷ ನಂಬಿ ಬದುಕಿದವಳು ನಾನು. ಒಂದು ಗಂಟೆ ಹಲ್ಲು ಕಚ್ಚಿ ಕೂತೆ. ತೊಳೆದಾಗ ಮುಖ ಕೆಂಡದ ಹಾಗಿತ್ತು. ಸಂಜೆಗೆ ಊದಿಕೊಂಡಿತು. ದೀಪ ಹಚ್ಚುವ ಹೊತ್ತಿಗೆ ಎರಡೂ ಕಣ್ಣು ಮುಚ್ಚಿಹೋಗಿ, ದೀಪದ ಬೆಳಕು ಎಲ್ಲಿದೆ ಎಂದು ಶಾಖದಿಂದ ತಿಳಿಯಬೇಕಾಯಿತು.

ಕಾಮಗೆರೆಯ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು, ಬೆಳಿಗ್ಗೆಯೇ ಕೊಳ್ಳೇಗಾಲಕ್ಕೆ ಹೋಗಿ ಚರ್ಮದ ಡಾಕ್ಟರನ್ನು ನೋಡಿ ಎಂದರು. ಬಸ್ಸಿನಲ್ಲಿ ಮುಖಕ್ಕೆ ಒದ್ದೆ ಪಂಚೆ ಹಾಕಿಕೊಂಡು ಕೂತಿದ್ದೆ. ಯಾರೋ ಯಜಮಾನರನ್ನು ಮೆಲ್ಲಗೆ, "ಒಲೆ ಬೆಂಕಿಯಾ ಸಾ?" ಎಂದು ಕೇಳಿದರು. ಅವರು "ಊಂ" ಅಂದರು. ಮೊಡವೆ ಅನ್ನುವುದಕ್ಕಿಂತ ಬೆಂಕಿ ಅನ್ನುವುದು ಅವರಿಗೂ ಸುಲಭವಾಗಿತ್ತು.

ಆ ಡಾಕ್ಟರ ಕಾಯುವ ಕೋಣೆಯಲ್ಲಿ ಗೋಡೆಗೆ ಒಂದು ದೊಡ್ಡ ಕನ್ನಡಿ ಹಾಕಿದ್ದಾರೆ. ಯಾಕೆ ಹಾಕಿದ್ದಾರೋ ದೇವರಿಗೇ ಗೊತ್ತು. ಬಂದವರೆಲ್ಲ ಅದಕ್ಕೆ ಬೆನ್ನು ಮಾಡಿ ಕೂರುತ್ತಾರೆ. ಒಂದು ಕಣ್ಣು ಎಳೆಯಷ್ಟು ತೆರೆದಿತ್ತು, ಅದರಲ್ಲೇ ನನ್ನ ಮುಖ ಕಂಡೆ. ಪಕ್ಕದಲ್ಲಿ ಕೌದಳ್ಳಿ ಕಡೆಯ ಒಬ್ಬ ಹೆಂಗಸು ಇದ್ದಳು, ಕೈಯೆಲ್ಲ ಬಿಳಿ ಮಚ್ಚೆ. ಅವಳು ಏನೂ ಕೇಳಲಿಲ್ಲ. ತನ್ನ ಚೀಟಿಯಿಂದ ನನಗೆ ಗಾಳಿ ಬೀಸತೊಡಗಿದಳು. ಸುಮಾರು ಹೊತ್ತಾದ ಮೇಲೆ ಅಂದಳು:

"ನಾನು ಏಳು ವರ್ಸದಿಂದ ಬತ್ತಾ ಇವ್ನಿ ಅಕ್ಕ. ನೀವ್ ನೋಡಿ, ಒಂದ್ ತಿಂಗ್ಳಲ್ಲಿ ನನ್ನ ಬುಟ್ಟು ಮುಂದ ಓಯ್ತೀರಿ."

ಅವಳನ್ನು ಒಳಗೆ ಕರೆದಾಗ ಅವಳು ಎದ್ದು, ನನ್ನ ಕಡೆ ಕೈ ತೋರಿಸಿ, "ಮೊದ್ಲು ಇವ್ರನ್ನ ನೋಡ್ಬುಡಿ" ಅಂದಳು. ಹೆಸರು ಕೇಳಲಿಲ್ಲ. ದಿನವೂ ದೀಪ ಹಚ್ಚುವಾಗ ಆ ದಿನ ಸಿಕ್ಕ ಒಳ್ಳೆಯದನ್ನು ಮಾದಪ್ಪನಿಗೆ ಹೇಳುವುದು ನನ್ನ ಅಭ್ಯಾಸ. ಅವತ್ತು ಹೇಳಿದ್ದು ಅವಳೊಬ್ಬಳನ್ನೇ.

ಡಾಕ್ಟರು ಏನೇನು ಹಚ್ಚಿದ್ದೀರಿ ಅಂದರು. ಹೇಳುತ್ತಾ ಹೋದೆ. ಬರೆದುಕೊಳ್ಳುತ್ತಿದ್ದ ನರ್ಸಮ್ಮ ಪೆನ್ನು ನಿಲ್ಲಿಸಿ, "ಎಲ್ಲಾ ಆಯ್ತಲ್ಲಮ್ಮ, ಒಗ್ಗರಣೆ ಒಂದು ಬಾಕಿ ಉಳೀತು" ಅಂದಳು. ಡಾಕ್ಟರು ನಗಲಿಲ್ಲ. ಮೊಡವೆ ಒಳಗಿನ ಕಾರಣಕ್ಕೆ ಬಂದದ್ದು, ಅದಕ್ಕೆ ಮಾತ್ರೆ ಇದೆ, ವರ್ಷದ ಹಿಂದೆಯೇ ಬರಬಹುದಿತ್ತು ಎಂದರು. ಆಮೇಲೆ ಮುಖಕ್ಕೆ ದೀಪ ಹಿಡಿದು ನೋಡಿ, "ಇದು ಬರೀ ಅರಿಶಿನದ ಕೆಲಸ ಅಲ್ಲ. ಹೊಲದ ಔಷಧಿ ಏನಾದ್ರೂ ತಾಗಿತ್ತಾ?" ಅಂದರು.

ಯಜಮಾನರು ನಿಂತಲ್ಲೇ ಬೆವೆತರು. "ಮೊನ್ನೆ ಬಿತ್ತನೆ ಅದ್ದಿದ್ವಿ ಸಾ."

ಮನೆಗೆ ಬಂದವರೇ ಅವರು ಚಪ್ಪಲಿಯನ್ನೂ ಬಿಡಲಿಲ್ಲ.

"ಯಾವ ಅರ್ಸಿನ ತೇಯ್ದ್ಯವ್ವ ನೀನು? ಮರದಡಿ ರಾಶಿಂದ ತಗಂಡ್ಯಾ?"

"ಇಲ್ಲ ಕಣ್ಲಾ. ಒಳಕಲ್ ಮೂಲೇಲಿ ಮನ ಮಂಕ್ರಿ ಇಲ್ವಾ, ಅದ್ರಲ್ಲೇ ತಗಂಡಿದ್ದು."

ಯಜಮಾನರು ಒಳಗೆ ಹೋಗಿ ನೋಡಿ ಬಂದರು. "ಅಲ್ಲಿ ಮಂಕ್ರಿನೇ ಇಲ್ವಲ್ಲವ್ವ!"

ಅತ್ತೆ ಎದ್ದು ಹೋದರು. ಮೂಲೆಯ ಗೋಡೆಯನ್ನು, ನೆಲವನ್ನು ಕೈಯಿಂದ ತಡವಿದರು. "ಇತ್ತು... ಇಲ್ಲೇ ಇತ್ತು ಕಣ್ಲಾ."

"ಕಣ್ ಕಾಣಲ್ಲ ಅಂದ್ಮೇಲ ನಿಂಗ್ಯಾಕವ್ವ ಈ ಉಸಾಬರಿ? ಅವಳ್ ಮಕ ನೋಡು!"

ಅತ್ತೆ ನನ್ನ ಹತ್ತಿರ ಬಂದು ಕೈ ಚಾಚಿದರು, ಕೆನ್ನೆ ಮುಟ್ಟಲು. ನಾನು ಹಿಂದಕ್ಕೆ ಸರಿದೆ. "ನನ್ ಮಕ ಮುಟ್ಬ್ಯಾಡಿ ಅತ್ತೆ," ಅಂದೆ. ನೋವಿನಲ್ಲಿ ಅಂದೆ ಎಂದು ಹೇಳಿಕೊಳ್ಳಬಹುದು. ಆದರೆ ನೋವಿಗಿಂತ ಹೆಚ್ಚಿನದು ಆ ಮಾತಿನಲ್ಲಿತ್ತು, ಅದು ಅವರಿಗೂ ತಿಳಿಯಿತು. ಆ ಕೈ ಸೆರಗಿನೊಳಗೆ ಹೋಯಿತು.

ಮಾರನೆಯ ದಿನದಿಂದ ವಿಭೂತಿ ತಟ್ಟೆ ದೇವರಗೂಡಿನಿಂದ ಹೊರಗೆ ಬರಲಿಲ್ಲ. ಯಜಮಾನರು ತಾವೇ ಇಟ್ಟುಕೊಂಡರು. ನನಗೆ ಹೇಗೂ ಇಡುವ ಹಾಗಿರಲಿಲ್ಲ. ಬೂದಿ ಚರ್ಮವನ್ನು ಒಣಗಿಸುತ್ತದೆ, ಗಾಯ ಮಾಗುವವರೆಗೂ ಬೇಡ ಎಂದು ಡಾಕ್ಟರು ಹೇಳಿದ್ದರು. ಅತ್ತೆ ಅಡುಗೆಮನೆಗೆ ಬರುವುದನ್ನು ಕಡಿಮೆ ಮಾಡಿದರು. ಬಂದರೆ ಬಟ್ಟಲು ನನ್ನ ಮುಂದೆ ಹಿಡಿದು, "ಇದು ಉಪ್ಪು ತಾನೆ, ನೋಡು" ಅನ್ನುತ್ತಿದ್ದರು. ಯಾವಾಗಲೂ ಮುಟ್ಟಿ ನೋಡಿಯೇ ಹೇಳುತ್ತಿದ್ದ ಹೆಂಗಸು.

ತಮ್ಮನ ಮದುವೆಯ ದಿನ ನಾನು ಮನೆಯಲ್ಲಿ ಮುಖಕ್ಕೆ ಮುಲಾಮು ಹಚ್ಚಿಕೊಂಡು ಮಲಗಿದ್ದೆ. ಚಿಕ್ಕಪ್ಪನ ಮಗಳು ಕಳಸ ಹಿಡಿದಳು. ಯಳಂದೂರಿನಿಂದ ತಮ್ಮ ಫೋಟೋ ಕಳಿಸಿದ. ಅವನ ಪಕ್ಕದಲ್ಲಿ ಅವಳು ಚೆನ್ನಾಗಿಯೇ ಕಾಣುತ್ತಿದ್ದಳು. ಅತ್ತೆಯೂ ಮದುವೆಗೆ ಹೋಗಲಿಲ್ಲ. ಜಗುಲಿಯ ಆ ಕೊನೆಯಲ್ಲಿ ಅವರು, ಕೋಣೆಯಲ್ಲಿ ನಾನು.

ಅದಾಗಿ ಒಂದು ವಾರಕ್ಕೆ ಹಪ್ಪಳದ ಡಬ್ಬ ಇಳಿಸಲು ಅಟ್ಟ ಹತ್ತಿದೆ. ಡಬ್ಬದ ಪಕ್ಕದಲ್ಲಿ ಗೋಣಿತಾಟು ಮುಚ್ಚಿದ ಒಂದು ಮಂಕರಿ. ತಾಟು ತೆಗೆದೆ. ಹಸಿ ಅರಿಶಿನ, ಮೊಳಕೆ ಬಂದಿತ್ತು.

ಅದು ನಮ್ಮ ಮನೆಯ ಮಂಕರಿ. ಅದನ್ನು ಅಲ್ಲಿಟ್ಟವಳು ನಾನೇ. ಮಳೆ ಬಂದ ಆ ಮಧ್ಯಾಹ್ನ, ಔಷಧಿಯಲ್ಲಿ ಅದ್ದಿದ ಕೊನೆಯ ಮಂಕರಿ ಹೊತ್ತು ಒಳಗೆ ಓಡಿ ಬಂದಿದ್ದೆ. ಇಡಲು ಜಾಗ ಬೇಕಿತ್ತು. ಮನೆಯ ಮಂಕರಿಯನ್ನು ಎತ್ತಿ ಅಟ್ಟಕ್ಕೆ ಹಾಕಿ, ಅದರ ಜಾಗದಲ್ಲಿ ಇದನ್ನಿಟ್ಟು, ಒಣಗಲು ಹಾಕಿದ್ದ ಜೋಳ ಎತ್ತಲು ಓಡಿದ್ದೆ. ಅತ್ತೆ ತಮ್ಮ ಮೂಲೆಗೇ ಹೋಗಿದ್ದರು, ತಮ್ಮ ಮಂಕರಿ ಅಂತಲೇ ಕೈ ಹಾಕಿದ್ದರು. ನಾವು ಕೊಳ್ಳೇಗಾಲದಲ್ಲಿದ್ದಾಗ ಆಳುಗಳು ಹಿತ್ತಲ ಬಾಗಿಲಿನಿಂದ ಬಂದು, ಬಿತ್ತನೆಯ ಮಂಕರಿ ಒಂದು ಒಳಗಿದೆ ಎಂದು ಹೊತ್ತುಕೊಂಡು ಹೋಗಿ ಬಿತ್ತಿಬಿಟ್ಟಿರಬೇಕು. ಅತ್ತೆಯ ಕಣ್ಣು ತಪ್ಪಿರಲಿಲ್ಲ. ಕೈಯೂ ತಪ್ಪಿರಲಿಲ್ಲ.

ಅಟ್ಟದ ಏಣಿಯ ಮೇಲೆ ಎಷ್ಟು ಹೊತ್ತು ನಿಂತಿದ್ದೆನೋ. ಕೆಳಗೆ ಜಗುಲಿಯಲ್ಲಿ ಅತ್ತೆ ಹುಣಸೆಹಣ್ಣಿನ ಬೀಜ ಬಿಡಿಸುವ ಸದ್ದು ಕೇಳುತ್ತಿತ್ತು. ಇಳಿದು ಹೋಗಿ ಹೇಳಿದ್ದರೆ ಮುಗಿಯುತ್ತಿತ್ತು. ನಾನು ತಾಟನ್ನು ಮತ್ತೆ ಮುಚ್ಚಿ, ಹಪ್ಪಳದ ಡಬ್ಬ ತೆಗೆದುಕೊಂಡು ಇಳಿದೆ.

ಏಳು ವಾರ ಹೇಳಲಿಲ್ಲ. ಮುಖ ಹಾಳಾಯಿತು ಎಂದು ಎಲ್ಲರೂ ಅಯ್ಯೋ ಪಾಪ ಅನ್ನುತ್ತಿದ್ದರು. ಶಿವಮಣಿ ಕೂಡ ನೀರು ತಂದುಕೊಡುತ್ತಿದ್ದಳು. ತಪ್ಪು ನನ್ನದೇ ಎಂದಾದರೆ ನನಗೆ ಉಳಿಯುವುದು ಬರೀ ಈ ಮುಖ. ಮಾತ್ರೆ ನುಂಗುತ್ತಿದ್ದೆ, ಎರಡು ವಾರಕ್ಕೊಮ್ಮೆ ಕೊಳ್ಳೇಗಾಲಕ್ಕೆ ಹೋಗಿ ಆ ಕನ್ನಡಿಗೆ ಬೆನ್ನು ಮಾಡಿ ಕೂರುತ್ತಿದ್ದೆ. ಗಂಟುಗಳು ಇಳಿದವು. ಆದರೆ ಕೆನ್ನೆ ಹಣೆ ಎಲ್ಲ ಕಪ್ಪು ಕಲೆ, ಅಲ್ಲಲ್ಲಿ ಸಣ್ಣ ಗುಳಿ. ಸಂಜೆ ದೀಪ ಹಚ್ಚಿ ಒಳ್ಳೆಯದನ್ನು ಎಣಿಸಲು ನಿಂತರೆ ಬಾಯಿ ಬರುತ್ತಿರಲಿಲ್ಲ. ಊದಿಕೊಂಡಿದ್ದ ಕಣ್ಣು ಉಳಿಯಿತು, ಅದು ದೊಡ್ಡ ದಯೆ. ಅದನ್ನು ಹೇಳಲು ಹೋದರೆ ಅತ್ತೆಯ ಪೊರೆ ಬಂದ ಕಣ್ಣು ನೆನಪಾಗುತ್ತಿತ್ತು. ಬತ್ತಿ ಸರಿ ಮಾಡಿ ಸುಮ್ಮನೆ ಬರುತ್ತಿದ್ದೆ.

ಒಂದು ದಿನ ಶಿವಮಣಿಯ ಮಗಳು ಬಾಣಂತನಕ್ಕೆ ಬಂದವಳು ಮಗುವನ್ನು ಎತ್ತಿಕೊಂಡು ತಾಯಿಯ ಜೊತೆ ನಮ್ಮ ಜಗುಲಿಗೆ ಬಂದಳು. ಮೂರು ತಿಂಗಳ ಕೂಸು.

"ಅಜ್ಜಿ, ಕೂಸು ಬೆಚ್ಚಿ ಬೀಳ್ತದ. ಒಸಿ ಇಬೂತಿ ಇಡಿ," ಅಂದಳು.

ಅತ್ತೆ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. "ಬ್ಯಾಡ ಕಣ್ ಮಗ. ನನ್ ಕೈ ಸರಿಯಿಲ್ಲ."

"ಏನಾದ್ದು ಕೈಗ? ನೋವಾ?"

"ನೋವಲ್ಲ. ಸರಿಯಿಲ್ಲ ಅಷ್ಟೆಯ. ಬ್ಯಾರೆ ಯಾರ್‌ಗಾರ ಹೇಳು."

ಶಿವಮಣಿ ನಗಿಸಲು ನೋಡಿದಳು. "ನಿಮ್ ಕೈಲಿ ಇಬೂತಿ ಇಕ್ಕಿಸ್ಕಂಡೇ ನಾನು ಈಟ್ ಬಾಯಿ ಬಡ್ಕಿ ಆಗಿರದು. ನನ್ ಮೊಮ್ಮಗಳ್ಗ ಬ್ಯಾಡ್ವಾ?"

ಅತ್ತೆ ನಗಲಿಲ್ಲ. ಕೂಸಿನ ಕಡೆ ನೋಡದೆ ಒಳಗೆ ಎದ್ದುಹೋದರು. ಬಾಗಿಲ ಹತ್ತಿರ ನಾನು ನಿಂತಿದ್ದೆ. ನನ್ನ ಪಕ್ಕದಲ್ಲೇ ಹಾದು ಹೋದರು.

ಶಿವಮಣಿ ಹೋದ ಮೇಲೆ ನಾನು ಅಟ್ಟ ಹತ್ತಿ ಆ ಮಂಕರಿಯನ್ನು ಇಳಿಸಿದೆ. ಅತ್ತೆಯ ಮುಂದೆ ಇಟ್ಟು, ಅವರ ಕೈ ಹಿಡಿದು ಅದರ ಅಂಚಿನ ಮೇಲೆ ಇಟ್ಟೆ. ಬೆತ್ತದ ಹೆಣಿಗೆ ಒಂದು ಕಡೆ ಬಿಚ್ಚಿದ್ದನ್ನು ಅವರೇ ಹಳೇ ಸೀರೆಯ ಅಂಚಿನಲ್ಲಿ ಕಟ್ಟಿದ್ದರು. ಬೆರಳು ಆ ಗಂಟಿನ ಮೇಲೆ ನಿಂತಿತು.

"ಇದೆಲ್ಲಿತ್ತು?"

ಹೇಳಿದೆ. ಮಳೆ, ಜಾಗ, ಅಟ್ಟ, ಎಲ್ಲಾ. ಯಾವಾಗ ಗೊತ್ತಾಯಿತು ಎಂಬುದನ್ನೂ ಹೇಳಿದೆ. ಅವರು ತಬ್ಬಿಕೊಳ್ಳುತ್ತಾರೆ, ಹೋಗ್ಲಿ ಬುಡು ಮಗ ಅನ್ನುತ್ತಾರೆ ಎಂದು ನನಗೆ ಒಳಗೊಳಗೆ ಆಸೆ ಇತ್ತು.

"ಏಳ್ ವಾರ?" ಅಂದರು. "ಏಳ್ ವಾರ ಗೊತ್ತಿತ್ತಾ ನಿಂಗ?"

ಊಂ ಅಂದೆ.

"ಈ ಕೈಲಿ ಲಿಂಗ ಮುಟ್ಟಕ್ಕೂ ಎದರ್ತಿದ್ದಿ ಕಣೇ ನಾನು! ನೀರ್ ಉಯ್ಯಕ್ಕೂ ಎದರ್ತಿದ್ದಿ. ಕಣ್ಣೋಯ್ತು, ಬುದ್ದಿನೂ ಓಯ್ತು, ಮುಂದ ಯಾರ್ ಮನ ಆಳ್ ಮಾಡೀನೋ ಅಂತಿದ್ದಿ. ನೀನು ದಿನಾ ಎರಡೊತ್ತು ಅನ್ನ ಇಕ್ತಾ ನೋಡ್ತಾ ಕುಂತಿದ್ಯಲ್ಲೇ! ಮಕ ಸುಟ್ರೆ ವಾಸಿ ಆಯ್ತದ. ಇದೇನ್ ವಾಸಿ ಆದ್ದಾ?"

ಹತ್ತೊಂಬತ್ತು ವರ್ಷದಲ್ಲಿ ಅವರು ನನ್ನ ಮೇಲೆ ಅಷ್ಟು ಗಟ್ಟಿಯಾಗಿ ಕೂಗಿದ್ದು ಅದೇ ಮೊದಲು. ಸಂಜೆ ಯಜಮಾನರಿಗೂ ಹೇಳಿದೆ. ಅವರು ಜಗುಲಿಗೆ ಹೋಗಿ ತಾಯಿಯ ಪಕ್ಕ ಕೂತರು. ಏನು ಹೇಳಿಕೊಂಡರೋ, ನಾನು ಕೇಳಿಸಿಕೊಳ್ಳಲು ಹೋಗಲಿಲ್ಲ.

ಮಾರನೆಯ ಬೆಳಿಗ್ಗೆ ವಿಭೂತಿ ತಟ್ಟೆ ಹೊರಗೆ ಬಂತು. ಮಗನ ಹಣೆಗೆ ಇಟ್ಟರು. ತಟ್ಟೆ ಹಿಡಿದುಕೊಂಡೇ ಬೀದಿ ದಾಟಿ ಶಿವಮಣಿಯ ಮನೆಗೆ ಹೋಗಿ ಕೂಸಿನ ಹಣೆಗೆ ಇಟ್ಟು ಬಂದರು. ನನ್ನ ಮುಂದೆ ಮಾತ್ರ ನಿಲ್ಲಲಿಲ್ಲ. ಬೂದಿ ಇನ್ನೂ ಇಡುವ ಹಾಗಿರದಿದ್ದರೂ ನಾನು ಬಾಗಿಲ ಹತ್ತಿರ ನಿಂತು ತಲೆ ಬಗ್ಗಿಸಿದೆ, ಅವರು ಹಾದುಹೋದರು. ಅದರ ಮಾರನೆಯ ದಿನವೂ ಹಾಗೇ. ಅದರ ಮಾರನೆಯ ದಿನವೂ. ಉಪ್ಪನ್ನು ಈಗ ನನ್ನ ಕೇಳದೆ ತಾವೇ ಮುಟ್ಟಿ ನೋಡಿ ಹಾಕುತ್ತಿದ್ದರು. ಅದನ್ನು ಮೊದಲು ಕಂಡ ಸಂಜೆ ದೀಪದ ಮುಂದೆ ಎಷ್ಟೋ ದಿನಗಳ ಮೇಲೆ ಹೇಳಿಕೊಳ್ಳಲು ಒಂದು ಸಿಕ್ಕಿತು: ಅತ್ತೆ ಉಪ್ಪು ಹಾಕಿದರು.

ಡಾಕ್ಟರ ಹತ್ತಿರ ಈಗಲೂ ಹೋಗುತ್ತೇನೆ. ಮೊಡವೆ ಹತೋಟಿಯಲ್ಲಿದೆ, ಹೋಗಿಲ್ಲ. ಕಲೆ ತಿಳಿಯಾಗಲು ವರ್ಷಗಟ್ಟಲೆ ಹಿಡಿಯುತ್ತದಂತೆ, ಗುಳಿಗಳು ಇರುತ್ತವಂತೆ. ಅಡುಗೆಮನೆಯ ಸಾಮಾನೆಲ್ಲ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ, ಅಷ್ಟು ಓದಿದವಳಲ್ಲ. ನನಗೆ ಗೊತ್ತಿರುವುದು ಇಷ್ಟೇ: ಉರಿದರೆ ತೊಳೆದುಬಿಡಿ, ತಡೆದುಕೊಂಡು ಕೂರಬೇಡಿ. ಯಾರು ನಕ್ಕರೂ ಡಾಕ್ಟರ ಬಾಗಿಲು ತಟ್ಟಿ. ಆ ಕೋಣೆಯಲ್ಲಿ ಗಾಳಿ ಬೀಸುವವರು ಒಬ್ಬರಾದರೂ ಇರುತ್ತಾರೆ.

ಅತ್ತೆಗೆ ನಿಜ ಹೇಳಿದ ಹತ್ತನೆಯ ದಿನ ಸೋಮವಾರ. ನಾನು ಒಲೆಯ ಮುಂದೆ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದೆ. ಬಗ್ಗಿಸಿದ ತಲೆಯ ಮುಂದೆ ಅವರು ಹಾದುಹೋಗುವುದನ್ನು ಮತ್ತೆ ನೋಡಲು ಅವತ್ತು ಆಗುತ್ತಿರಲಿಲ್ಲ. ಹಿಂದೆ ಹೆಜ್ಜೆ ಸದ್ದು ನಿಂತಿತು.

"ಈಕಡಿಕ ತಿರೀಕ," ಅಂದರು.

ತಿರುಗಿದೆ. ತಟ್ಟೆ ನೋಡಿ, "ಡಾಕ್ಟ್ರು ಇನ್ನೂ ಇಬೂತಿ ಬ್ಯಾಡ ಅಂದವ್ರೆ ಅತ್ತೆ," ಅಂದೆ.

"ಗೊತ್ತದ, ಸುಮ್ಕಿರು."

ತಟ್ಟೆಯನ್ನು ನೆಲದ ಮೇಲಿಟ್ಟರು. ಮೂರು ಬೆರಳನ್ನೂ ಸೆರಗಿನಲ್ಲಿ ಒರೆಸಿಕೊಂಡರು, ಒಂದು ಚೂರು ಬೂದಿ ಉಳಿಯದ ಹಾಗೆ. ಆಮೇಲೆ ಬರಿಯ ಬೆರಳನ್ನು ನನ್ನ ಹಣೆಯ ಮೇಲೆ ಇಟ್ಟು ಮೆಲ್ಲಗೆ ಎಳೆದರು. ಗುಳಿ ಬಿದ್ದ ಕಡೆಯಲ್ಲೆಲ್ಲ ಬೆರಳು ನಿಂತು ನಿಂತು ಮುಂದಕ್ಕೆ ಹೋಯಿತು. ಮಾದಪ್ಪ ಕಾಯ್ಲಿ ಅನ್ನಲಿಲ್ಲ.

"ಉರೀತದಾ?" ಅಂದರು.

"ಇಲ್ಲ ಅತ್ತೆ."

"ಉರುದ್ರೆ ಹೇಳ್ಬುಡು," ಅಂದರು.